ತಬ್ಬಿಕೊಳ್ಳುವ ಮುನ್ನ: ಗೆಳೆಯರ ನಡುವೆ ಸ್ಪರ್ಶದ ಮಿತಿಯನ್ನು ಅರಿಯುವ ಬಗೆ

ಒಂದೇ ಗೆಳೆಯರ ಗುಂಪಿನಲ್ಲಿ ಕಂಡ ತಕ್ಷಣ ಬಿಗಿದಪ್ಪಿಕೊಳ್ಳುವವರೂ ಇರುತ್ತಾರೆ, ಹೆಗಲ ಮೇಲೆ ಕೈ ಬಿದ್ದರೂ ಮೈ ಸೆಟೆದುಕೊಳ್ಳುವವರೂ ಇರುತ್ತಾರೆ. ಇಬ್ಬರ ಪ್ರೀತಿಯಲ್ಲೂ ಕೊರತೆಯಿರುವುದಿಲ್ಲ. ಆದರೂ ಒಬ್ಬರ ಕಣ್ಣಿಗೆ ಇನ್ನೊಬ್ಬರು ಬಿಗುಮಾನದವರಾಗಿಯೂ ಆ ಇನ್ನೊಬ್ಬರ ಕಣ್ಣಿಗೆ ಇವರು ಮೈಮೇಲೆ ಬೀಳುವವರಾಗಿಯೂ ಕಾಣತೊಡಗಿ, ಯಾರೂ ಬಾಯಿಬಿಟ್ಟು ಹೇಳದ ಇರುಸುಮುರುಸು ಬೆಳೆಯುತ್ತದೆ. ಇದನ್ನು ನಿಭಾಯಿಸುವ ಕೆಲಸ ತೋಳುಗಳು ಮೇಲೇಳುವ ಮೊದಲೇ ಮುಗಿದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚಾಚಿದ ತೋಳುಗಳ ಎದುರು ನಿಂತವರಿಗೆ ಬೇಡವೆನ್ನುವ ಸ್ವಾತಂತ್ರ್ಯ ಹೆಸರಿಗಷ್ಟೇ ಉಳಿದಿರುತ್ತದೆ. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಒಪ್ಪಿಕೊಂಡದ್ದನ್ನು ಒಪ್ಪಿಗೆ ಎಂದು ಎಣಿಸಲಾಗದು.

ಇಷ್ಟಾನಿಷ್ಟಗಳ ಈ ಅಂತರಕ್ಕೆ ಬೆಳೆದ ಮನೆ, ಸಂವೇದನೆಯ ಸೂಕ್ಷ್ಮತೆ, ಹಳೆಯ ನೋವು, ಆ ದಿನದ ಬೆನ್ನುನೋವು, ಹೀಗೆ ಯಾವುದೂ ಕಾರಣವಾಗಿರಬಹುದು. ಐದು ದೇಶಗಳ ಸಾವಿರದ ಮುನ್ನೂರಕ್ಕೂ ಹೆಚ್ಚು ಜನರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಾರು ತಮ್ಮ ದೇಹದ ಯಾವ ಭಾಗವನ್ನು ಮುಟ್ಟಬಹುದು ಎಂದು ಜನರಿಂದ ಚಿತ್ರದ ಮೇಲೆ ಗುರುತು ಹಾಕಿಸಲಾಯಿತು. ಭಾವನಾತ್ಮಕ ಬಾಂಧವ್ಯ ಗಟ್ಟಿಯಾದಷ್ಟೂ ಮುಟ್ಟಲು ಒಪ್ಪಿಗೆಯಿರುವ ಜಾಗ ಹಿಗ್ಗುತ್ತದೆ ಎಂಬುದು ಅದರಿಂದ ತಿಳಿದುಬಂತು. ಆದರೆ ಇದು ಒಟ್ಟಾರೆ ಪ್ರವೃತ್ತಿಯ ಮಾತು. ಇಷ್ಟು ಆಪ್ತರಾದ ಮೇಲೆ ಇಷ್ಟು ಸಲುಗೆ ಸಿಗಲೇಬೇಕು ಎಂದು ನಮ್ಮ ಗೆಳೆಯರ ಮೇಲೆ ಲೆಕ್ಕ ಹೂಡುವಂತಿಲ್ಲ. ಸ್ವಲೀನತೆಯ (ಆಟಿಸಂ) ಬಗ್ಗೆ ಸ್ವಂತ ಅನುಭವದಿಂದ ಬರೆದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರಿಗೆ ಬಾಲ್ಯದಲ್ಲಿ ಪರರ ಅಪ್ಪುಗೆ ಸಹಿಸಲಾಗದಷ್ಟು ತೀವ್ರವಾಗಿತ್ತು, ಆದರೆ ಮೈಯನ್ನು ಒತ್ತಿ ಹಿಡಿಯುವ ಹಿತಕ್ಕಾಗಿ ಅವರು ಹಂಬಲಿಸುತ್ತಿದ್ದರು. ಕೊನೆಗೆ ಒತ್ತಡದ ಹತೋಟಿ ತಮ್ಮ ಕೈಯಲ್ಲೇ ಇರುವಂಥ ಯಂತ್ರವೊಂದನ್ನು ತಾವೇ ಕಟ್ಟಿಕೊಂಡರು. ಅಪ್ಪುಗೆ ಬೇಡವೆನ್ನುವವರೆಲ್ಲ ಸ್ಪರ್ಶವನ್ನೇ ದ್ವೇಷಿಸುತ್ತಾರೆ ಎಂದು ತಿಳಿಯಬಾರದು. ಎಷ್ಟೋ ಮಂದಿಗೆ ಬೇಕಾದುದು ಯಾವಾಗ, ಎಷ್ಟು ಹೊತ್ತು ಎಂಬುದನ್ನು ತಾವೇ ನಿರ್ಧರಿಸುವ ಅವಕಾಶ ಮಾತ್ರ.

ತಬ್ಬಿಕೊಳ್ಳಲು ಬಯಸುವವರು ಮೊದಲು ಮಾಡಬೇಕಾದದ್ದು ಎರಡು ಹೆಜ್ಜೆ ಈಚೆಗೇ ನಿಲ್ಲುವುದು. ಜನರ ನಡುವಿನ ದೂರವನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ, ಸುಮಾರು 45 ಸೆಂಟಿಮೀಟರಿಗಿಂತ ಒಳಗಿನ ವಲಯವನ್ನು ಅತ್ಯಂತ ಆಪ್ತರ ವಲಯವೆಂದು ಗುರುತಿಸಿದರು. ಆ ಗೆರೆ ದಾಟಿದ ಮೇಲೆ ಕೇಳುವ ಪ್ರಶ್ನೆ ಬರೀ ಔಪಚಾರಿಕ. ನಿಂತಲ್ಲಿಂದಲೇ "ತಬ್ಬಿಕೊಳ್ಳಲೇ?" ಎಂದು ಕೇಳಬಹುದು, "ಅಪ್ಪುಗೆಯೋ, ಕೈಕುಲುಕೋ?" ಎಂದು ಕೇಳಿದರೆ ಇನ್ನೂ ಒಳ್ಳೆಯದು. ಹೀಗೆ ಕೇಳಿದಾಗ ಎದುರಿನವರು ಏನನ್ನೂ ನಿರಾಕರಿಸಬೇಕಾಗುವುದಿಲ್ಲ, ಎರಡರಲ್ಲಿ ಒಂದನ್ನು ಆರಿಸಿದರೆ ಮುಗಿಯಿತು. ಹತ್ತು ಜನರ ಮುಂದೆ ಗಟ್ಟಿಯಾಗಿ ಕೇಳಬೇಡಿ, ಅದೂ ಒತ್ತಾಯವೇ ಆಗುತ್ತದೆ.

ಮೈಯ ಭಾಷೆಯನ್ನು ಗಮನಿಸುವುದೂ ಕಲಿಯಬೇಕಾದ ವಿಷಯ. ಮೊಣಕೈಗಳು ಪಕ್ಕೆಗೆ ಅಂಟಿಕೊಂಡಿವೆ, ಭಾರವೆಲ್ಲ ಹಿಂದಿನ ಕಾಲಿನ ಮೇಲಿದೆ, ನಗುತ್ತಿದ್ದರೂ ಗಲ್ಲ ಒಂದು ಬದಿಗೆ ಹೊರಳಿದೆ, ಕೈಯಲ್ಲಿದ್ದ ಚೀಲ ಎದೆಯ ಮುಂದಕ್ಕೆ ಬಂದಿದೆ ಎಂದಾದರೆ ಕೇಳುವುದನ್ನೂ ಬಿಟ್ಟು ದೂರದಿಂದಲೇ ಕೈ ಬೀಸಿ. ತಬ್ಬಿಕೊಂಡ ಮೇಲೂ ಗಮನವಿರಲಿ. ಬೆನ್ನ ಮೇಲೆ ಅಂಗೈಯ ಎರಡು ಚುರುಕು ತಟ್ಟುಗಳು ಬಿದ್ದರೆ ಸಾಮಾನ್ಯವಾಗಿ ಸಾಕು ಎಂದೇ ಅರ್ಥ. 2008ರ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳ ಅಪ್ಪುಗೆಗಳನ್ನು ಅಳೆದ ಸಂಶೋಧಕರಿಗೆ ಸರಾಸರಿ ಸುಮಾರು ಮೂರು ಸೆಕೆಂಡು ಸಿಕ್ಕಿತು. ಗೆಲುವಿನ ಸಂಭ್ರಮಕ್ಕೇ ಅಷ್ಟು ಸಾಕಾಗುವಾಗ ಗೆಳೆಯರ ಭೇಟಿಗೆ ಅದಕ್ಕಿಂತ ಉದ್ದದ ಹಿಡಿತವನ್ನು ಹೇರಬೇಕಾಗಿಲ್ಲ.

ತಬ್ಬಿಕೊಳ್ಳುವುದು ಇಷ್ಟವಿಲ್ಲದವರು ಆ ಮಾತನ್ನು ಅಪ್ಪುಗೆಯ ಗಳಿಗೆಗೆ ಉಳಿಸಿಕೊಳ್ಳದೆ, ಬೇರೊಂದು ನಿರಾಳ ಹೊತ್ತಿನಲ್ಲಿ ಹೇಳಿಬಿಡುವುದು ಮೇಲು. "ನಿನ್ನನ್ನು ಕಂಡರೆ ನನಗೆ ತುಂಬಾ ಖುಷಿ, ಆದರೆ ತಬ್ಬಿಕೊಳ್ಳುವುದು ನನಗೆ ಒಗ್ಗುವುದಿಲ್ಲ, ಕೈ ಕುಲುಕಿದರೆ ಸಾಕು" ಎಂಬ ಒಂದು ವಾಕ್ಯದಲ್ಲಿ ಪ್ರೀತಿ, ಮಿತಿ, ಪರ್ಯಾಯ ಮೂರೂ ಇವೆ. ಭೇಟಿಯಾದಾಗ ನೀವೇ ಮೊದಲು ಕೈ ಮುಂದೆ ಚಾಚಿದರೆ ಉಳಿದದ್ದು ತಾನಾಗಿ ಆ ದಾರಿ ಹಿಡಿಯುತ್ತದೆ. ನೆಗಡಿಯ ನೆಪ ಹೇಳುವುದು ಅಪರಿಚಿತರ ಮುಂದೆ ಒಮ್ಮೆ ನಡೆದೀತು, ಆದರೆ ಹತ್ತಿರದ ಗೆಳೆಯರ ಬಳಿ ಬೇಡ. ನೆಗಡಿ ಹೋದ ಮೇಲೆ ಮತ್ತೊಂದು ನೆಪ ಹುಡುಕಬೇಕಾಗುತ್ತದೆ. ಕಾರಣ ವಿವರಿಸುವ ಹೊಣೆ ನಿಮ್ಮ ಮೇಲಿಲ್ಲ, ಕ್ಷಮೆ ಕೇಳಬೇಕಾಗಿಯೂ ಇಲ್ಲ.

ಬೇಡ ಎಂಬ ಉತ್ತರ ಬಂದಾಗ ನಡೆದುಕೊಳ್ಳುವ ರೀತಿಯೇ ಎಲ್ಲಕ್ಕಿಂತ ಮುಖ್ಯ ಎಂದು ನನಗನ್ನಿಸುತ್ತದೆ, ಏಕೆಂದರೆ ಮುಂದಿನ ಸಲ ಆ ಗೆಳೆಯರು ನಿಜ ಹೇಳುತ್ತಾರೋ ಸಹಿಸಿಕೊಂಡು ಸುಮ್ಮನಾಗುತ್ತಾರೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. "ಸರಿ" ಎಂದು ಹೇಳಿ, ಮುಖ ಸಪ್ಪಗಾಗದಂತೆ ಮಾತು ಮುಂದುವರಿಸಿ. "ನನ್ನನ್ನೂ ಬೇಡ ಅಂತೀಯಾ?" ಎಂಬ ಹುಸಿಮುನಿಸು ಸಲ್ಲದು. ಕೇಳದೆ ತಬ್ಬಿಕೊಂಡು ಅವರಿಗೆ ಮುಜುಗರವಾಗಿದ್ದರೆ "ಕೇಳಬೇಕಿತ್ತು, ಕ್ಷಮಿಸು" ಎಂದರೆ ಸಾಕು. ಅದನ್ನೇ ಹಿಡಿದು ಮತ್ತೆ ಮತ್ತೆ ಕ್ಷಮೆ ಕೇಳುತ್ತ ಹೋದರೆ ಸಮಾಧಾನ ಹೇಳುವ ಭಾರವೂ ಅವರ ಮೇಲೆಯೇ ಬೀಳುತ್ತದೆ.

ಗುಂಪು ಚದುರುವಾಗ ಸಾಲಾಗಿ ಎಲ್ಲರನ್ನೂ ತಬ್ಬಿಕೊಂಡು ಒಬ್ಬರ ಮುಂದೆ ಮಾತ್ರ ನಿಂತುಬಿಡುವುದು ಅವರನ್ನು ಎಲ್ಲರೆದುರು ಎತ್ತಿ ತೋರಿಸಿದಂತೆ. "ಅವಳಿಗೆ ಅದೆಲ್ಲ ಆಗಿಬರುವುದಿಲ್ಲ" ಎಂದು ಅವರ ಪರವಾಗಿ ಘೋಷಿಸುವುದು ಇನ್ನೂ ಕೆಟ್ಟದ್ದು. ಅವರತ್ತ ಮೊದಲೇ ಹೋಗಿ ಎರಡು ಮಾತಾಡಿ ಕೈ ಬೀಸಿ ಬಂದರೆ ಸಾಲಿನ ಪ್ರಶ್ನೆಯೇ ಏಳುವುದಿಲ್ಲ.

ದುಃಖದಲ್ಲಿರುವವರ ವಿಷಯದಲ್ಲಿ ಮಾತ್ರ ಹಳೆಯ ತಿಳಿವಳಿಕೆಯನ್ನು ನೆಚ್ಚಿಕೊಳ್ಳಬೇಡಿ. ಎಂದೂ ತಬ್ಬಿಕೊಳ್ಳದವರಿಗೆ ಅಂದು ಆಸರೆ ಬೇಕೆನಿಸಬಹುದು, ಸದಾ ತಬ್ಬಿಕೊಳ್ಳುವವರಿಗೆ ಯಾರ ಕೈಯೂ ಬೇಡವೆನಿಸಬಹುದು. "ಪಕ್ಕದಲ್ಲಿ ಕೂರಲೇ, ಕೈ ಹಿಡಿದುಕೊಳ್ಳಲೇ?" ಎಂದು ಮೆಲ್ಲಗೆ ಕೇಳಿ. ಅಳುತ್ತಿರುವವರಿಗೆ ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಅಷ್ಟು ಹೊತ್ತು ಮುಟ್ಟದೆ ಅಲ್ಲಿಯೇ ಕಾಯಿರಿ.