ಬೀಜಿಂಗ್‌ಗೆ ಹೋಗ್ತಿದ್ದೀರಾ? ಸೂಂಗ್ ಚಿಂಗ್‌ಲಿಂಗ್ ಮನೆಗೆ ಅರ್ಧ ದಿನ ಇಟ್ಟುಕೊಳ್ಳಿ

ಬೀಜಿಂಗ್ ಅಂದ್ರೆ ಎಲ್ಲರೂ ಅರಮನೆ, ಮಹಾಗೋಡೆ ನೋಡಿ ಬಂದುಬಿಡ್ತಾರೆ. ಹೌಹಾಯ್ ಕೆರೆಯ ಉತ್ತರ ದಂಡೆಯಲ್ಲಿರುವ ಈ ಮನೆಯನ್ನು ದಯವಿಟ್ಟು ಬಿಡಬೇಡಿ. ಚೀನಾ ಗಣರಾಜ್ಯ ಕಟ್ಟಿದ ನಾಯಕ ಸನ್ ಯಾತ್‌ಸೆನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ 1963ರಿಂದ 1981ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ಸಾಯುವ ಕೆಲವೇ ದಿನ ಮುಂಚೆ ಅವರಿಗೆ ಚೀನಾದ ಗೌರವ ಅಧ್ಯಕ್ಷೆ ಎಂಬ ಪದವಿ ಕೊಟ್ಟರು. ಮೊದಲು ಇದು ರಾಜಕುಮಾರನೊಬ್ಬನ ಅರಮನೆಯ ತೋಟ ಆಗಿತ್ತು. ಕೊನೆಯ ಚಕ್ರವರ್ತಿ ಪುಯಿ ಹುಟ್ಟಿದ್ದು ಅದೇ ಅರಮನೆಯಲ್ಲಿ.

ಪಾಸ್‌ಪೋರ್ಟ್ ಜೊತೆಗಿರಲಿ. ಜಾಗದ ಹೆಸರನ್ನು ಚೀನಿ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಳ್ಳಿ, ಟ್ಯಾಕ್ಸಿಯವರಿಗೆ ತೋರಿಸಿದರೆ ಸಾಕು. ಮೆಟ್ರೋದಲ್ಲಾದರೆ 2ನೇ ಲೈನಿನ ಜಿಶುಯಿತಾನ್ ನಿಲ್ದಾಣದಲ್ಲಿ ಇಳಿದು ಕೆರೆ ಪಕ್ಕ ನಡೆಯಿರಿ. ಬೆಳಿಗ್ಗೆಯೇ ಹೋಗಿ, ಗಲಾಟೆ ಕಡಿಮೆ.

ಮನೆ ಈಗ ಮ್ಯೂಸಿಯಂ. ಒಳಗೆ ಪ್ರದರ್ಶನವನ್ನು ಬೇಗ ಮುಗಿಸಿದರೂ ಪರವಾಗಿಲ್ಲ. ಅವರು ಬದುಕಿದ ಕೋಣೆಗಳ ಮುಂದೆ ಮಾತ್ರ ನಿಧಾನವಾಗಿ ನಿಲ್ಲಿ. ಹೊರಗೆ ಅವರ ಪಾರಿವಾಳದ ಗೂಡು ಇದೆ. ಪಾರಿವಾಳ ಅಂದ್ರೆ ಅವರಿಗೆ ಅಷ್ಟು ಪ್ರೀತಿ, ತಾವೇ ಕಾಳು ಹಾಕುತ್ತಿದ್ದರು. ದೇಶದ ಅಷ್ಟು ದೊಡ್ಡ ಹೆಂಗಸು ಅಂಗಳದಲ್ಲಿ ನಿಂತು ಕಾಳು ಎರಚುವುದನ್ನು ನೆನೆದು ನನಗೆ ಗಂಟಲು ಕಟ್ಟಿತು.

ಆಗೋದಾದ್ರೆ ಏಪ್ರಿಲ್‌ನಲ್ಲಿ ಹೋಗಿ. ತೋಟದ ಹಳೆಯ ಹಾಯ್‌ತಾಂಗ್ (ಕಾಡುಸೇಬಿನ ಜಾತಿ) ಮರಗಳು ತಿಳಿಗುಲಾಬಿ ಹೂ ಬಿಟ್ಟಿರುತ್ತವೆ.