ತಲೆ ತುರಿಸಿದರೆಲ್ಲ ಹೊಟ್ಟಲ್ಲ

ಕಾರವಾರದಲ್ಲಿ ಸಣ್ಣದೊಂದು ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ತವರು ಶಿರಸಿ ಕಡೆ. ನನ್ನ ತಲೆಯ ಚರ್ಮ ತುಂಬಾ ಸೂಕ್ಷ್ಮ. ಹೊಸ ಶಾಂಪೂ ಹಾಕಿದರೆ ಉರಿ, ಬಿಸಿಲಿಗೆ ಹೋದರೆ ಚುರುಚುರು, ಜಡೆ ಬಿಗಿಯಾದರೆ ರಾತ್ರಿ ಕೂದಲ ಬುಡ ಮುಟ್ಟಿದರೂ ನೋವು. ಪಾರ್ಲರಿಗೆ ಬರುವವರಲ್ಲೂ ಇಂಥವರು ಜಾಸ್ತಿ. ಆದರೆ ಬಹಳ ಜನ ಹೇಳುವುದು ಒಂದೇ: "ಅಕ್ಕಾ, ಹೊಟ್ಟು ಆಗಿದೆ, ಏನಾದ್ರೂ ಸ್ಟ್ರಾಂಗ್ ಆಗಿದ್ದು ಹಾಕಿ." ಕೂದಲು ಬಿಡಿಸಿ ನೋಡಿದರೆ ಎಷ್ಟೋ ಸಲ ಹೊಟ್ಟೇ ಇರುವುದಿಲ್ಲ. ಇದ್ದ ಉರಿಯ ಮೇಲೆ ಸ್ಟ್ರಾಂಗ್ ಶಾಂಪೂ ಹಾಕಿದರೆ ಏನಾಗಬಹುದು ಹೇಳಿ.

ಮೊದಲು ನೋಡುವುದು ಹೇಗೆ ಅಂತ ಹೇಳುತ್ತೇನೆ. ನಿಜವಾದ ಹೊಟ್ಟಾದರೆ ಜಿಡ್ಡು ಜಿಡ್ಡಾದ ಪದರ ಕಾಣುತ್ತದೆ, ಸ್ವಲ್ಪ ಹಳದಿ ಬಣ್ಣ ಇರಬಹುದು, ಕೆಲವರಿಗೆ ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲೂ ಏಳುತ್ತದೆ. ಒಣಗಿದ ತಲೆಯಾದರೆ ಸಣ್ಣ ಬಿಳಿ ಪುಡಿ. ಸೂಕ್ಷ್ಮ ಚರ್ಮದಲ್ಲಿ ಕೆಲವೊಮ್ಮೆ ಕಣ್ಣಿಗೆ ಏನೂ ಕಾಣುವುದಿಲ್ಲ. ಹೆಚ್ಚೆಂದರೆ ಬೈತಲೆಯ ಹತ್ತಿರ ಸ್ವಲ್ಪ ಕೆಂಪು. ಆದರೆ ಉರಿ, ಜುಮುಜುಮು, ಚರ್ಮ ಬಿಗಿದು ಎಳೆದ ಹಾಗೆ ಆಗುವುದು, ಇದೆಲ್ಲ ಇರುತ್ತದೆ. ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ "ಹೊಟ್ಟು ಎಷ್ಟು?" ಅಂತ ಅಲ್ಲ, "ಯಾವಾಗ ಉರಿಯುತ್ತದೆ?" ಅಂತ. ಸ್ನಾನ ಆದ ಕೂಡಲೇ ಉರಿಯುತ್ತದಾ, ಬೆವರಿದಾಗಲಾ, ಡೈ ಹಚ್ಚಿದ ಎರಡು ದಿನದ ಮೇಲಾ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನನ್ನ ತಲೆಗೆ ಏನು ಆಗಿಬರುವುದಿಲ್ಲ ಅಂತ ಕಂಡುಹಿಡಿಯಲು ನಾನು ಮಾಡಿದ್ದು ಇಷ್ಟೇ. ಎಲ್ಲ ನಿಲ್ಲಿಸಿದೆ. ಕಂಡೀಷನರ್, ಸೀರಮ್, ಪರಿಮಳದ ಎಣ್ಣೆ, ಸೀಗೆಪುಡಿ, ಎಲ್ಲ. ಪರಿಮಳ ಇಲ್ಲದ ಒಂದು ಸೌಮ್ಯ ಶಾಂಪೂ ಮಾತ್ರ ಇಟ್ಟುಕೊಂಡೆ. ಉರಿ ಪೂರ್ತಿ ಇಳಿಯುವ ತನಕ ಬೇರೆ ಏನನ್ನೂ ಮುಟ್ಟಲಿಲ್ಲ. ಆಮೇಲೆ ಒಂದೊಂದೇ ವಾಪಸ್ ತಂದೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ವಾರಗಟ್ಟಲೆ ಬಿಟ್ಟು. ಎರಡು ಒಟ್ಟಿಗೆ ತಂದರೆ ತಪ್ಪು ಯಾವುದರದ್ದು ಅಂತ ಗೊತ್ತಾಗುವುದಿಲ್ಲ ಅಲ್ವಾ. ಹೀಗೆ ಮಾಡುವಾಗ ಎರಡು ವಿಷಯ ಗೊತ್ತಾಯಿತು. ಒಂದು, ಸುವಾಸನೆ ನನಗೆ ಆಗುವುದಿಲ್ಲ. ಬಾಟಲಿಯ ಹಿಂದೆ ಫ್ರಾಗ್ರೆನ್ಸ್ ಅಥವಾ ಪರ್ಫ್ಯೂಮ್ ಅಂತ ಬರೆದಿದ್ದರೆ ಈಗ ಕೆಳಗಿಡುತ್ತೇನೆ. ಶಾಂಪೂ ಕೆಡದಿರಲಿ ಅಂತ ಹಾಕುವ ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕವೂ ಅಲರ್ಜಿ ಮಾಡುವುದರಲ್ಲಿ ಹೆಸರು ಮಾಡಿದ್ದು, ಅದನ್ನೂ ಓದಿ ನೋಡಿ. ಇನ್ನೊಂದು, ಬಿಸಿನೀರು. ಹಂಡೆಯಿಂದ ಕುದಿಕುದಿ ನೀರು ತೋಡಿ ತಲೆಗೆ ಸುರಿಯುವ ಅಭ್ಯಾಸ ನಮ್ಮ ಘಟ್ಟದ ಮೇಲಿನವರಿಗೆ ಚೆನ್ನಾಗಿ ಗೊತ್ತು. ಮೈಗೆ ಹಿತ, ತಲೆಗೆ ಅಲ್ಲ. ಉಗುರುಬೆಚ್ಚಗಿನ ನೀರಿಗೆ ಬಂದ ಮೇಲೆ ನನ್ನ ಅರ್ಧ ತುರಿಕೆ ಹೋಯಿತು.

ತೊಳೆಯುವ ರೀತಿಯೂ ಮುಖ್ಯ. ಶಾಂಪೂವನ್ನು ಮಗ್ಗಿನಲ್ಲಿ ನೀರಿಗೆ ಬೆರೆಸಿ ಹಾಕುತ್ತೇನೆ. ಉಗುರು ತಾಗಿಸದೆ ಬೆರಳ ತುದಿಯಿಂದ ಮೆಲ್ಲಗೆ ಉಜ್ಜುತ್ತೇನೆ. ನೊರೆ ಹೋಯಿತು ಅಂದುಕೊಂಡ ಮೇಲೂ ಇನ್ನಷ್ಟು ನೀರು ಹಾಕುತ್ತೇನೆ, ಕಿವಿಯ ಹಿಂದೆ ಮತ್ತು ಕತ್ತಿನ ಮೇಲೆ ಶಾಂಪೂ ಉಳಿದುಬಿಡುತ್ತದೆ. ಸಮುದ್ರದ ಪಕ್ಕದ ಮನೆಗಳಲ್ಲಿ ಬೇಸಿಗೆಗೆ ಬಾವಿ ನೀರು ಸವಳಾದರೆ ಕೊನೆಯ ಒಂದು ಬಕೆಟ್ ಸಿಹಿನೀರು ಇಟ್ಟುಕೊಳ್ಳಿ. ಟಾಗೋರ್ ಬೀಚಿನಲ್ಲಿ ಆಡಿ ಬಂದರೂ ಹಾಗೇ, ಉಪ್ಪು ತಲೆಯಲ್ಲಿ ಒಣಗಲು ಬಿಡಬೇಡಿ.

ಎಣ್ಣೆಯ ವಿಷಯದಲ್ಲಿ ನಮ್ಮ ಆಯಿಗೂ ನನಗೂ ಈಗಲೂ ವಾದ. "ಎಣ್ಣೆ ಹಚ್ಚೇ ತಂಗಿ, ತಂಪಾಗ್ತು" ಅನ್ನುತ್ತಾಳೆ. ಒಣ ತಲೆಗೆ ಅವಳ ಮಾತು ಸರಿ. ಸ್ನಾನಕ್ಕೆ ಒಂದು ಗಂಟೆ ಮೊದಲು ಸ್ವಲ್ಪ ತೆಂಗಿನೆಣ್ಣೆ ನನಗೂ ಹಿತವೇ. ಆದರೆ ಜಿಡ್ಡಿನ ಹೊಟ್ಟು ಇದ್ದವರು ರಾತ್ರಿಯಿಡೀ ಎಣ್ಣೆ ಬಿಟ್ಟರೆ ಹೊಟ್ಟು ಹೆಚ್ಚಬಹುದು. ಹೊಟ್ಟಿಗೆ ಕಾರಣವಾಗುವ ಮಲಸೀಝಿಯಾ ಎಂಬ ಯೀಸ್ಟ್ ಎಲ್ಲರ ತಲೆಯಲ್ಲೂ ಇರುತ್ತದೆ, ಅದು ಬದುಕುವುದೇ ಜಿಡ್ಡಿನ ಮೇಲೆ. ಆಯಿ ಮಾಡಿಕೊಡುವ ದಾಸವಾಳ ಸೊಪ್ಪಿನ ಗೊಂಪು (ಸೊಪ್ಪು ಕಿವುಚಿ ತೆಗೆದ ಲೋಳೆ) ಮಾತ್ರ ನನಗೆ ಎಂದೂ ತೊಂದರೆ ಕೊಟ್ಟಿಲ್ಲ. ಸೋಸಿ ಹಚ್ಚಬೇಕು, ಇಲ್ಲದಿದ್ದರೆ ಎಲೆಯ ಚೂರು ಸಿಕ್ಕಿ ಮತ್ತೆ ತುರಿಕೆ. ಲಿಂಬೆರಸ, ಈರುಳ್ಳಿ ರಸ ಬೇಡವೇ ಬೇಡ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ನೈಸರ್ಗಿಕ ಅಂದ ಮಾತ್ರಕ್ಕೆ ಹಾನಿ ಇಲ್ಲ ಅಂತ ಅಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ಮರದ್ದೇ, ಕೈಗೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾ?

ಹೇರ್ ಡೈ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಕಪ್ಪು ಬಣ್ಣದ ಬಹಳಷ್ಟು ಡೈಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. 'ಕಪ್ಪು ಮೆಹಂದಿ' ಅಂತ ಮಾರುವುದರಲ್ಲೂ ಇರಬಹುದು. ಬರೀ ಮದರಂಗಿ ಸೊಪ್ಪು ಕೆಂಪು ಕೊಡುತ್ತದೆ, ಕಪ್ಪು ಅಲ್ಲ. ಪಿಪಿಡಿ ಅಲರ್ಜಿ ಹಚ್ಚಿದ ಕೂಡಲೇ ಕಾಣಬೇಕೆಂದಿಲ್ಲ, ಒಂದೆರಡು ದಿನ ಕಳೆದು ಏಳುತ್ತದೆ. ತಲೆಗಿಂತ ಹೆಚ್ಚಾಗಿ ಕಣ್ಣಿನ ರೆಪ್ಪೆ, ಕಿವಿ, ಹಣೆ ಊದಿಕೊಳ್ಳುತ್ತವೆ, ಹಾಗಾಗಿ ಎಷ್ಟೋ ಜನ ಅದನ್ನು ಡೈಗೆ ಜೋಡಿಸುವುದೇ ಇಲ್ಲ. ಒಮ್ಮೆ ಅಲರ್ಜಿ ಹಿಡಿದರೆ ಸಾಮಾನ್ಯವಾಗಿ ಜೀವನಪೂರ್ತಿ. ಅದಕ್ಕೇ ಪ್ಯಾಕೆಟ್ಟಿನಲ್ಲಿ ಹೇಳಿದಂತೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿಸುತ್ತೇನೆ, ಕಿವಿಯ ಹಿಂದೆ ಅಥವಾ ಮೊಣಕೈ ಒಳಮಡಿಕೆಯಲ್ಲಿ. ನಾಳೆ ಮದುವೆ ಅಂತ ಇವತ್ತು ಓಡಿಬಂದವರಿಗೆ ಹೊಸ ಡೈ ಹಚ್ಚುವುದಿಲ್ಲ. ಗಿರಾಕಿ ಸಿಟ್ಟಾಗಿ ಹೋದರೂ ಪರವಾಗಿಲ್ಲ, ಮುಖ ಊದಿಸಿಕೊಂಡು ಮಂಟಪದಲ್ಲಿ ಕೂರುವುದು ಬೇಡ.

ಮಳೆಗಾಲ ನಮ್ಮ ಕಡೆ ದೊಡ್ಡ ಪರೀಕ್ಷೆ. ಜೂನ್ ಬಂತು ಅಂದರೆ ಕೂದಲು ಒಣಗುವುದೇ ಇಲ್ಲ. ಒದ್ದೆ ತಲೆಗೆ ಜಡೆ ಹಾಕಿ, ಅದರ ಮೇಲೆ ಹೆಲ್ಮೆಟ್ ಹಾಕಿ, ಅಂಕೋಲಾದಿಂದ ಕಾರವಾರಕ್ಕೆ ದಿನಾ ಓಡಾಡುವ ಹುಡುಗಿಯರು ತುರಿಕೆ ಅಂತ ಬರುತ್ತಾರೆ. ಅವರಿಗೆ ನಾನು ಯಾವ ಶಾಂಪೂವನ್ನೂ ಹೇಳುವುದಿಲ್ಲ. ರಾತ್ರಿ ತಲೆ ತೊಳೆಯಿರಿ, ಫ್ಯಾನ್ ಕೆಳಗೆ ಬುಡ ಒಣಗಿಸಿಯೇ ಮಲಗಿ, ಹೆಲ್ಮೆಟ್ ಒಳಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿಕೊಂಡು ದಿನಾ ಒಗೆಯಿರಿ, ಜಡೆ ಸಡಿಲ ಇರಲಿ. ಇಷ್ಟಕ್ಕೇ ಸುಮಾರು ಜನರಿಗೆ ಕಡಿಮೆಯಾಗಿದೆ.

ಕೆಲವನ್ನು ನಾನು ಮುಟ್ಟುವುದೇ ಇಲ್ಲ. ಕೂದಲಿನ ಅಂಚು ದಾಟಿ ಹಣೆಗೆ ಬಂದ ದಪ್ಪ ಬೆಳ್ಳಿ ಬಣ್ಣದ ಪದರ ಕಂಡರೆ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಇರಬಹುದು. ಮಕ್ಕಳ ತಲೆಯಲ್ಲಿ ಕೂದಲು ತುಂಡಾಗಿ ಬೋಳು ಬಿಲ್ಲೆ ಕಂಡರೆ ಹುಳಕಡ್ಡಿ ಇರಬಹುದು, ಅದಕ್ಕೆ ಹಚ್ಚುವ ಮದ್ದು ಸಾಲದು, ಗುಳಿಗೆ ಬೇಕಾಗುತ್ತದೆ. ಕೀವು, ನೀರು ಸೋರುವುದು, ಉರಿಯ ಜೊತೆ ಕೂದಲು ಉದುರುವುದು ಇದ್ದರೂ ನೇರ ಚರ್ಮದ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಹೋಗುವಾಗ ಮನೆಯಲ್ಲಿ ತಲೆಗೆ ಹಚ್ಚುವ ಬಾಟಲಿ, ಪ್ಯಾಕೆಟ್ಟುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಹೆಸರು ಮರೆತುಹೋಗುತ್ತದೆ, ಡಾಕ್ಟರ್ ಬೇಕಾದ್ದನ್ನು ಲೇಬಲ್ಲಿನಲ್ಲೇ ಓದಿಕೊಳ್ಳುತ್ತಾರೆ.