ಹೊರದೇಶದ ಮನೆಯಲ್ಲಿ ವಿಷು ಪಾಯಸ
ಕಾಸರಗೋಡಿನಿಂದ ಹೊರದೇಶಕ್ಕೆ ಓದಲು ಹೋಗಿ ಅಲ್ಲಿನ ಕುಟುಂಬದ ಜೊತೆ ಉಳಿದವರು ವಿಷುವಿಗೆ (ಸೌರಮಾನ ಯುಗಾದಿಗೆ) ಅಡುಗೆ ಮಾಡುವುದಾದರೆ ಹೆಸರುಬೇಳೆ ಪಾಯಸ, ಸೌತೆ ಮೇಲಾರ (ತೆಂಗಿನಕಾಯಿ ಅರೆದು ಮಜ್ಜಿಗೆ ಹಾಕಿದ ಪದಾರ್ಥ), ಅನ್ನ ಸಾಕು. ಹತ್ತು ಬಗೆ ಬೇಡ. ಗೇರುಬೀಜ, ಹಾಲು ಆಗದವರಿದ್ದಾರೆಯೇ ಎಂದು ಮೊದಲೇ ಕೇಳಿ.

ಆರು ಜನಕ್ಕೆ 200 ಗ್ರಾಂ ಬೇಳೆ, 250 ಗ್ರಾಂ ಬೆಲ್ಲ, 400 ಮಿ.ಲೀ. ತೆಂಗಿನಹಾಲಿನ ಒಂದು ಡಬ್ಬಿ. ಬೇಳೆಯನ್ನು ಒಂದು ಚಮಚ ತುಪ್ಪದಲ್ಲಿ ಘಮ ಬರುವವರೆಗೆ ಹುರಿಯಿರಿ. ಕುಕ್ಕರ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಒಂದು ಲೀಟರ್ ನೀರು ಹಾಕಿ ಅರ್ಧ ಗಂಟೆ ಬೇಯಿಸಿ. ಬೆರಳಲ್ಲಿ ಹಿಚುಕಿದರೆ ಪೂರ್ತಿ ಮೆತ್ತಗಿರಬೇಕು. ಅದಕ್ಕೂ ಮೊದಲು ಬೆಲ್ಲ ಬಿದ್ದರೆ ಬೇಳೆ ಮತ್ತೆ ಸರಿಯಾಗಿ ಬೇಯುವುದಿಲ್ಲ. ಹೆಚ್ಚಿನವರ ಪಾಯಸ ಕೆಡುವುದು ಇಲ್ಲಿಯೇ. ಬೆಲ್ಲವನ್ನು ಬೇರೆ ಕರಗಿಸಿ ಸೋಸಿ ಹಾಕಿ, ಹತ್ತು ನಿಮಿಷ ಕುದಿಸಿ.

ತೆಂಗಿನಹಾಲು ಕೊನೆಗೆ. ಜೋರಾಗಿ ಕುದಿದರೆ ಒಡೆದು ಎಣ್ಣೆ ಬಿಡುತ್ತದೆ. ಕರೆಂಟಿನ ಒಲೆ ಆರಿಸಿದ ಮೇಲೂ ಬಿಸಿಯಾಗಿಯೇ ಇರುವುದರಿಂದ ಪಾತ್ರೆಯನ್ನು ಪಕ್ಕಕ್ಕಿಳಿಸಿ ಹಾಲು ಬೆರೆಸಿ. ಏಲಕ್ಕಿ ಆಮೇಲೆ. ತಣಿದಾಗ ಗಟ್ಟಿಯಾಗುತ್ತದೆ, ಒಂದಿಷ್ಟು ತೆಳ್ಳಗೇ ಇಳಿಸಿ.

ನಮ್ಮ ಸೌತೆ ಸಿಗದಿದ್ದರೆ ಮೇಲಾರಕ್ಕೆ ಸೌತೆಯಂತೆ ಕಾಣುವ ಜುಕೀನಿ ಆಗುತ್ತದೆ, ಬೇಗ ಬೇಯುತ್ತದೆ. ಮಜ್ಜಿಗೆ ಹಾಕಿದ ಮೇಲೆ ಕುದಿ ಬರುವ ಮೊದಲೇ ಇಳಿಸಿ. ಒಗ್ಗರಣೆಗೆ ಕಿಟಕಿ ತೆರೆದಿಡಿ, ಹೊಗೆಗೆ ಅಲಾರಂ ಹೊಡೆಯುತ್ತದೆ.